ಮೂರರಿಂದ ಎಂಟಕ್ಕೆ

ಕಾಲುವೆ ಬಡಾವಣೆಯ ನಾಗರಿಕ ವೇದಿಕೆಗೆ ಒಬ್ಬ ಕಾರ್ಯದರ್ಶಿ ಬೇಕು ಅಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, ಪ್ರೂಫಕ್ಕ. ಅದು ಅವಳಿಗೆ ಅಪ್ಪ ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ಸಂಪಾದಿಸಿಕೊಂಡದ್ದು. ಶಾಲೆಯ ಪ್ರಶ್ನೆಪತ್ರಿಕೆಯಿಂದ ಹಿಡಿದು ಮಾತ್ರೆ ಡಬ್ಬಿಯೊಳಗೆ ಮಡಚಿಡುವ ಚೀಟಿಯವರೆಗೆ ಅವಳ ಕಣ್ಣು ದಾಟದೆ ಏನೂ ಹೊರಗೆ ಹೋಗುತ್ತಿರಲಿಲ್ಲ. "ನಮ್ಮಕ್ಕನ ಕಣ್ಣು ತಪ್ಪಿಸಿ ಒಂದು ಕೊಂಬು ದೀರ್ಘ ಆಗೋಕ್ಕಾಗಲ್ಲ," ಎಂದು ಮುದ್ರಣಾಲಯದ ಯಜಮಾನರು ಬಂದವರ ಮುಂದೆಲ್ಲ ಹೇಳಿಕೊಳ್ಳುವರು. ಅವಳು ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಎಪ್ಪತ್ತೊಂಬತ್ತು ದಾಟಿದ ಅಪ್ಪ, ಇಬ್ಬರೇ.

ವೇದಿಕೆಗೆ ವರ್ಷದಲ್ಲಿ ಒಂದೇ ದೊಡ್ಡ ಕೆಲಸ. ನಗರಸಭೆ ಬಜೆಟ್ ಮಾಡುವ ಮುಂಚೆ ಬಡಾವಣೆಯವರು ಸೇರಿ, ಮುಂದಿನ ವರ್ಷ ಯಾವ ಕೆಲಸ ಮೊದಲು ಆಗಬೇಕು, ಯಾವುದು ಆಮೇಲೆ ಎಂದು ಕೈ ಎತ್ತಿ ತೀರ್ಮಾನಿಸಿ, ಹತ್ತು ಬೇಡಿಕೆಗಳ ಪಟ್ಟಿ ಕಳಿಸುವುದು. ಈ ಸಲದ ಸಭೆ ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಎರಡನೇ ತರಗತಿ ಕೋಣೆಯಲ್ಲಿ ನಡೆಯಿತು. ಏಳು ವರ್ಷದ ಮಕ್ಕಳು ಕೂರುವ ಬೆಂಚುಗಳಲ್ಲಿ ಐವತ್ತು ಅರವತ್ತರ ಗಂಡಸರು ಹೆಂಗಸರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಗೋಡೆಯ ಮೇಲೆ ಮಗ್ಗಿ. ಮೇಜಿನ ಹಿಂದೆ ಅಧ್ಯಕ್ಷರು, ಅಂದರೆ ಮೂಲೆಯ ಔಷಧಿ ಅಂಗಡಿಯವರು. ಅವರ ಪಕ್ಕದಲ್ಲಿ ಪ್ರೂಫಕ್ಕ ನಡಾವಳಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು.

"ಈ ವರ್ಷ ಒಂದು ಹೊಸ ಏರ್ಪಾಡು," ಎಂದರು ಅಧ್ಯಕ್ಷರು. "ಒಂದೊಂದು ವೇದಿಕೆಯಿಂದ ಒಬ್ಬರು ಬಂದು ಹಣಕಾಸು ಸಮಿತಿ ಮುಂದೆ ಐದು ನಿಮಿಷ ಮಾತಾಡಬಹುದಂತೆ. ಗುರುವಾರ ಹನ್ನೊಂದು ಗಂಟೆಗೆ. ನಮ್ಮ ಕಡೆಯಿಂದ ಯಾರು ಹೋಗ್ತೀರಿ?"

ಎಲ್ಲರೂ ಮಗ್ಗಿ ಓದತೊಡಗಿದರು. ಹಿಂದಿನ ಬೆಂಚಿನಿಂದ ಊರುಗೋಲು ನೆಲಕ್ಕೆ ಊರಿದ ಸದ್ದು ಬಂತು.

"ನಾನು ಹೋಗ್ತೀನಿ."

ಎದ್ದು ನಿಂತವನು ಕರೆಂಟ್ ಮಾಮ. ಬಡಾವಣೆಯ ಅರ್ಧಕ್ಕರ್ಧ ಮನೆಗಳಿಗೆ ವೈರು ಎಳೆದವನು. ಫ್ಯಾನು ತಿರುಗದಿದ್ದರೆ ಮಕ್ಕಳು "ಕರೆಂಟ್ ಮಾಮನ್ನ ಕರೀರಿ" ಎನ್ನುವುದನ್ನು ಕೇಳಿ ಕೇಳಿ ದೊಡ್ಡವರಿಗೂ ಅವನು ಮಾಮನೇ ಆಗಿದ್ದ. ಐದು ತಿಂಗಳ ಹಿಂದೆ, ಹೆಗಲ ಮೇಲೆ ಏಣಿ ಹೊತ್ತು ಕಾಲುವೆಯ ಕಾಲ್ಸೇತುವೆ ದಾಟುವಾಗ ಕಾಲಡಿಯ ಹಲಗೆ ಮುರಿದು ಕೆಳಗೆ ಬಿದ್ದಿದ್ದ. ನೀರು ಮೊಣಕಾಲುದ್ದ ಇತ್ತು, ಅದರ ಕೆಳಗೆ ಕಲ್ಲು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಹಿಮ್ಮಡಿ ಪುಡಿಯಾಗಿತ್ತು. ಎರಡು ಆಪರೇಷನ್ ಆದಮೇಲೂ ಎಡಗಾಲು ಎರಡು ಬೆರಳಷ್ಟು ಗಿಡ್ಡವಾಗಿ ಉಳಿಯಿತು. ಏಣಿ ಹತ್ತುವುದು ಇನ್ನು ಈ ಜನ್ಮಕ್ಕಿಲ್ಲ ಎಂದಿದ್ದರು ಡಾಕ್ಟರು.

"ನಾನು ಹೇಳೋದು ಇಷ್ಟೇ," ಎಂದ ಮಾಮ. "ಹೋದ ವರ್ಷ ಇದೇ ಕೋಣೇಲಿ ಕೂತು ನಾವು ಕೈ ಎತ್ತಿದ್ವಿ. ಚರಂಡಿ ಒಂದನೇದು, ನೀರಿನ ಪೈಪು ಎರಡನೇದು, ಸೇತುವೆ ಮೂರನೇದು. ಮೊದಲ ಮೂರು ಬೇಡಿಕೆ ಖಂಡಿತ ನೋಡ್ತೀವಿ ಅಂತ ನಗರಸಭೆಯವರೇ ಕಾಗದ ಕಳಿಸಿದ್ರು. ಮೂರನೇದಾಗಿ ಬರೆದು ಕೊಟ್ಟಿದ್ದನ್ನ ಯಾಕೆ ಬಿಟ್ರಿ ಸ್ವಾಮಿ ಅಂತ ಅವರನ್ನ ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ. ನನ್ನ ಕಾಲೇನೋ ಹೋಯ್ತು. ಇನ್ನೊಬ್ಬರದ್ದು ಹೋಗೋದು ಬೇಡ."

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಪ್ರೂಫಕ್ಕನ ಪೆನ್ನು ಮಾತ್ರ ನಿಂತುಹೋಯಿತು. ಅವಳು ಅಧ್ಯಕ್ಷರ ಕಡೆ ನೋಡಿದಳು. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಲು ಏನೂ ಇಲ್ಲದ ಗಾಜನ್ನು ಒರೆಸುತ್ತಿದ್ದರು.

ನಗರಸಭೆಯ ಕಡತದಲ್ಲಿ ಸೇತುವೆ ಮೂರನೆಯದಾಗಿರಲಿಲ್ಲ. ಎಂಟನೆಯದಾಗಿತ್ತು. ಅದನ್ನು ಎಂಟಕ್ಕೆ ಇಳಿಸಿದ್ದು ಅವಳೇ.

ಹೋದ ವರ್ಷ ಸಭೆಯಾದ ಮೂರನೇ ದಿನ, ಪಟ್ಟಿ ಕೊಡಲು ಇನ್ನೊಂದೇ ದಿನ ಉಳಿದಿದ್ದಾಗ, ಮಧ್ಯಾಹ್ನ ಅಧ್ಯಕ್ಷರು ಫೋನ್ ಮಾಡಿದ್ದರು. ಸಮಿತಿಯಲ್ಲಿ ಅವರಿಗೆ ಪರಿಚಯದವರೊಬ್ಬರಿದ್ದರು. ಸೇತುವೆ ಅರ್ಧ ನಗರಸಭೆಯದು, ಅರ್ಧ ಕಾಲುವೆ ಇಲಾಖೆಯದು, ಅದನ್ನು ಬರೆದರೆ ಎರಡೂ ಕಡೆಯವರು ಚೆಂಡಿನ ಹಾಗೆ ಅತ್ತಿತ್ತ ಎಸೆದಾಡುತ್ತಾರೆ, ಒಂದು ಬೇಡಿಕೆ ಸುಮ್ಮನೆ ಹಾಳು, ಎಂದು ಆ ಪರಿಚಯದವರು ಹೇಳಿದ್ದರಂತೆ. "ಸುಲಭದ್ದು ಯಾವುದಾದ್ರೂ ಮೇಲೆ ಹಾಕಿದ್ರೆ ಗ್ಯಾರಂಟಿ ಸಿಗುತ್ತೆ. ಎಂಟರಲ್ಲಿ ನಿಮ್ಮ ಓದುವ ಕೋಣೆ ಚಾವಣಿ ಇದೆಯಲ್ಲ, ಅದನ್ನೇ ಮೂರಕ್ಕೆ ತನ್ನಿ. ನಿಮ್ಮಪ್ಪ ಪಾಪ, ಅಲ್ಲೇ ಕೂತು ನೆನೀತಾರಲ್ವಾ?"

ಗ್ರಂಥಾಲಯದ ಓದುವ ಕೋಣೆ ಸೋರುತ್ತಿದ್ದದ್ದು ನಿಜ. ಅಪ್ಪ ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲೇ ಪತ್ರಿಕೆ ಓದುತ್ತಿದ್ದುದೂ, ಮಳೆ ಬಂದ ದಿನ ಒಂದು ಹೆಗಲು ತೋಯಿಸಿಕೊಂಡು ಬರುತ್ತಿದ್ದುದೂ ನಿಜ. ಅವಳು ಎರಡು ಸಾಲು ಅಳಿಸಿದಳು, ಎರಡು ಸಾಲು ಹಾಕಿದಳು. ಹೋಗಿ ಹತ್ತು ಜನರನ್ನು ಕೇಳಿ ಬರಲು ಒಂದು ಸಂಜೆ ಸಾಕಿತ್ತು, ಆದರೆ ಕೇಳಲಿಲ್ಲ. ಮುಂದಿನ ಸಭೆಯಲ್ಲಿ, "ಪಟ್ಟಿ ಸಲ್ಲಿಸಲಾಗಿದೆ," ಎಂದು ಒಂದು ವಾಕ್ಯ ಓದಿದಳು. ಯಾರೂ ಪ್ರತಿ ಕೇಳಲಿಲ್ಲ. ಪ್ರೂಫಕ್ಕ ಬರೆದದ್ದನ್ನು ಯಾರು ತಿರುಗಿಸಿ ನೋಡುತ್ತಾರೆ? ಮೂರು ತಿಂಗಳಲ್ಲಿ ಚಾವಣಿ ಸಿದ್ಧವಾಯಿತು. ಅದಾದ ನಾಲ್ಕು ತಿಂಗಳಿಗೆ ಮಾಮ ಬಿದ್ದ.

ಸಭೆ ಮುಗಿದ ಮೇಲೆ ಶಾಲೆಯ ಮೆಟ್ಟಿಲ ಬಳಿ ಅಧ್ಯಕ್ಷರು ಅವಳನ್ನು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಮಾಮ ಆಸ್ಪತ್ರೆಯಿಂದ ಬಂದಮೇಲೆ ಎರಡು ತಿಂಗಳ ಔಷಧಿಯನ್ನು ಮನೆಬಾಗಿಲಿಗೆ ಮುಟ್ಟಿಸಿದ್ದವರು.

"ನಾನು ಅವನ ಹತ್ರ ಮಾತಾಡ್ತೀನಿ. ನಿನ್ನ ಕಾಲಿನ ಕಥೆ ಹೇಳು, ಜನರ ಮನಸ್ಸು ಕರಗುತ್ತೆ, ಹಳೇ ಲೆಕ್ಕ ಎತ್ತಬೇಡ ಅಂತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅವನು ಎತ್ತೇ ಎತ್ತುತ್ತಾನೆ. ಗುಮಾಸ್ತ ಕಡತ ತೆಗೆದು, ಎಲ್ಲಿಯ ಮೂರು, ಇದು ಎಂಟು ಅಂತ ಎಲ್ಲರ ಮುಂದೆ ಓದ್ತಾನೆ. ಊರುಗೋಲು ಹಿಡಿದು ನಿಂತವನ ಮುಖ ಆಗ ಹೇಗಾಗುತ್ತೆ ಹೇಳಿ."

"ಹಾಗಾದ್ರೆ ಏನು ಮಾಡೋಣ ಅಂತೀರಿ?"

ಉತ್ತರ ಅವಳಿಗೆ ಗೊತ್ತಿತ್ತು, ಅದನ್ನು ಬಾಯಿಗೆ ತರುವ ಧೈರ್ಯ ಇರಲಿಲ್ಲ.

ಸೋಮವಾರ ಮುದ್ರಣಾಲಯದಲ್ಲಿ ಮೂರನೇ ತರಗತಿಯ ಲೆಕ್ಕದ ಪುಸ್ತಕ ತಿದ್ದುವಾಗ ಅವಳು ಒಂದೇ ಪುಟವನ್ನು ನಾಲ್ಕು ಸಲ ಓದಿದಳು. ಸಂಜೆ ಅಪ್ಪ ಊಟಕ್ಕೆ ಕೂತು, ಓದುವ ಕೋಣೆಯಲ್ಲಿ ಯಾರೋ ಪತ್ರಿಕೆಯ ಕ್ರೀಡಾಪುಟ ಹರಿದುಕೊಂಡು ಹೋದ ಸುದ್ದಿಯನ್ನು ದೊಡ್ಡ ದರೋಡೆಯ ಹಾಗೆ ಹೇಳುತ್ತಿದ್ದರು. ಕೊನೆಗೆ ತಟ್ಟೆಯ ಮೇಲೆ ಕೈ ನಿಲ್ಲಿಸಿ, "ನಿನಗೆ ಏನಾಗಿದೆ? ಎರಡು ದಿನದಿಂದ ಗರಬಡಿದವರ ಹಾಗಿದ್ದೀಯ," ಎಂದರು.

ಅವಳು ಹೇಳಿದಳು. ಫೋನು ಬಂದದ್ದು, ಎರಡು ಸಾಲು ಅದಲುಬದಲು ಮಾಡಿದ್ದು, ಎಲ್ಲವನ್ನೂ.

"ನನಗೋಸ್ಕರ ಮಾಡಿದ್ಯಾ?" ಎಂದರು ಅಪ್ಪ.

"ನೀವು ನೆನೀತಿದ್ರಿ ಅಪ್ಪ."

"ನೆನೆಯೋದು ನನಗೆ ರೂಢಿ ಆಗಿತ್ತು. ಕುರ್ಚಿ ಸ್ವಲ್ಪ ಆ ಕಡೆ ಎಳ್ಕೊಂಡ್ರೆ ಆಗ್ತಿತ್ತು." ಅವರು ಎದ್ದು ಕೈ ತೊಳೆದು ಬಂದರು. "ನನ್ನ ಹೆಸರು ಹೇಳಿ ತಪ್ಪಿಸಿಕೋಬೇಡ. ನಾನು ಕೇಳಿರಲಿಲ್ಲ. ಚೆನ್ನಾಗಿ ನೆನಪು ಮಾಡ್ಕೋ, ನಾನು ಒಂದು ದಿನಾನೂ ಕೇಳಿರಲಿಲ್ಲ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅವಳು ಮಾಮನ ಮನೆಗೆ ಹೊರಟಳು. ಅವನ ಮನೆ ಕಾಲುವೆಯಾಚೆ. ಹೋಗಬೇಕಾದ್ದು ಅದೇ ಸೇತುವೆಯ ಮೇಲೆ. ಮುರಿದ ಹಲಗೆಯ ಜಾಗಕ್ಕೆ ಯಾರೋ ತಗಡು ಬಡಿದಿದ್ದರು, ಕಂಬಿ ಇರಬೇಕಾದ ಕಡೆ ನೈಲಾನ್ ಹಗ್ಗ ಕಟ್ಟಿದ್ದರು. ತಗಡಿನ ಮೇಲೆ ಕಾಲಿಟ್ಟಾಗ ಅದು ಡಬ್ಬ್ ಎಂದಿತು. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎದುರಿನಿಂದ ಬಂದು, "ಒಬ್ಬೊಬ್ಬರೇ ದಾಟ್ರಮ್ಮ, ಇಬ್ಬರ ಭಾರ ತಡೆಯಲ್ಲ," ಎಂದು ಅತ್ತಲೇ ನಿಂತುಕೊಂಡಳು.

ಮಾಮನ ಹೆಂಡತಿ ಹೊಲಿಗೆಯವಳು. ಮುಂದಿನ ಕೋಣೆಯ ತುಂಬ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ. ಅವಳು ಮೆಷಿನ್ ಮುಂದೆ ಕೂತು, ಒಂದು ಕೈಯಲ್ಲಿ ಗಂಡನ ಕೈಗಡಿಯಾರ ಹಿಡಿದಿದ್ದಳು. ಮಾಮ ಗೋಡೆಗೆ ಒರಗಿ ನಿಂತು, ಕಾಗದ ನೋಡಿಕೊಂಡು ಭಾಷಣ ಒಪ್ಪಿಸುತ್ತಿದ್ದ.

"ಆರು ನಿಮಿಷ ಹತ್ತು ಸೆಕೆಂಡ್," ಎಂದಳು ಹೆಂಡತಿ. "ಆಸ್ಪತ್ರೆ ಊಟದ ವಿಷಯ ತೆಗೀರಿ. ಬಜೆಟ್ಟಿಗೂ ಅದಕ್ಕೂ ಏನು ಸಂಬಂಧ?"

"ಅದೇ ಅಲ್ವೇನೇ ನಗೋ ಜಾಗ. ಅಳಿಸೋ ಮುಂಚೆ ಒಂದು ಸಲ ನಗಿಸಬೇಕು." ಅಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತವಳನ್ನು ನೋಡಿದ. "ಬನ್ನಿ ಅಕ್ಕಾ, ಬನ್ನಿ! ಹುಡುಕ್ತಿದ್ದ ಬಳ್ಳಿ ಕಾಲಿಗೆ ತೊಡರಿತು. ನಾಳೆ ಬೆಳಿಗ್ಗೆ ನಿಮ್ಮ ಮನೆಗೇ ಬರೋಣ ಅಂತಿದ್ದೆ. ಸ್ವಲ್ಪ ತಿದ್ದಿಕೊಡಿ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ದೊಡ್ಡೋರ ಮುಂದೆ ಓದೋದು, ತಪ್ಪಿರಬಾರದು."

ಅವಳು ಕೂರುವ ಮುಂಚೆಯೇ ಕಾಗದ ಅವಳ ಕೈಗೆ ಬಂದಿತ್ತು. ಮೊದಲ ಸಾಲು: 'ಕಳೆದ ವರ್ಷ ನಾವು ನಲವತ್ತೊಂದು ಜನ ಸೇರಿ ಈ ಸೇತುವೆಯನ್ನು ಮೂರನೆಯ ಬೇಡಿಕೆಯಾಗಿ ತಮಗೆ ಕೊಟ್ಟಿರುತ್ತೇವೆ.' ಮೂರನೆಯ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದ.

"ಇದು ತಪ್ಪು," ಎಂದಳು.

"ಯಾವುದು? ಮೂರನೆಯದೋ, ಮೂರನೇದೋ?"

"ಅಕ್ಷರ ಅಲ್ಲ ಮಾಮ." ಅವಳು ಆ ಎರಡು ಗೆರೆಯ ಮೇಲೆ ಬೆರಳಿಟ್ಟಳು. "ನಾವು ಮೂರನೇದಾಗಿ ಕೊಡಲೇ ಇಲ್ಲ. ಎಂಟನೇದಾಗಿ ಕೊಟ್ವಿ. ನಾನು ಬದಲಾಯಿಸಿದೆ."

ಮೆಷಿನ್ ನಿಂತಿತು. ಅವಳು ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಅಧ್ಯಕ್ಷರ ಮಾತನ್ನೂ ಹೇಳಿದಳು, ಆದರೆ ಅದರ ಹಿಂದೆ ಅವಿತುಕೊಳ್ಳಲು ಹೋಗಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ, ಎಂದಳು. ಮುಗಿದ ಮೇಲೂ ಮಾಮ ಗೋಡೆಗೆ ಒರಗಿ ನಿಂತೇ ಇದ್ದ.

"ಎಷ್ಟು ಹೊತ್ತು ಹಿಡೀತು?" ಎಂದ.

"ಏನು?"

"ಸಾಲು ಬದಲಾಯಿಸೋಕೆ."

"ಎರಡು ನಿಮಿಷ."

ಅವನು ತಲೆದೂಗಿದ. ಕೆಲಸಕ್ಕೆ ಎಷ್ಟು ವೈರು ಬೇಕು ಎಂದು ಅಂದಾಜು ಮಾಡುವಾಗ ತಲೆದೂಗುತ್ತಾನಲ್ಲ, ಹಾಗೆ. "ಒಂದು ಮಾತು ಕೇಳಿದ್ರೆ ನಾನೇ ಹೂಂ ಅಂತಿದ್ದೆನೋ ಏನೋ ಅಕ್ಕಾ. ನಿಮ್ಮಪ್ಪಾಜಿ ಎಲ್ಲಿ ಕೂತ್ಕೋತಾರೆ ಅಂತ ನನಗೆ ಗೊತ್ತಿಲ್ವಾ? ಆ ಕೋಣೆಗೆ ಟ್ಯೂಬ್‌ಲೈಟ್ ಹಾಕಿದೋನು ನಾನೇ. ಸೋರೋ ನೀರು ಸ್ವಿಚ್ಚಿಗೆ ಇಳೀಬಾರದು ಅಂತ ಬೋರ್ಡು ಜರುಗಿಸಿದೋನೂ ನಾನೇ. ಕೇಳಿದ್ರೆ ಆಗ್ತಿತ್ತು."

ಆಗ ಹೆಂಡತಿ ಬಾಯಿಬಿಟ್ಟಳು. "ಐದು ತಿಂಗಳು ನಮ್ಮನೆಗೆ ಹಣ್ಣು ತಗೊಂಡು ಬರ್ತಿದ್ರಿ. ಇವರ ಹಾಸಿಗೆ ಪಕ್ಕ ಕೂತು ನಗರಸಭೆಯವರನ್ನ ಬೈತಿದ್ದಾಗ ಹೂಂಗುಟ್ಟುತ್ತಿದ್ರಿ. ಆಗೆಲ್ಲ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಏಳಿ," ಎಂದಳು ಅವಳು. ದನಿ ಏರಿಸಲಿಲ್ಲ. "ನಾನು ಇನ್ನೇನಾದ್ರೂ ಅನ್ನೋ ಮುಂಚೆ ಮನೆಗೆ ಹೋಗಿ ಅಕ್ಕಾ."

ಬಾಗಿಲ ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಮಾಮನ ದನಿ ಬಂತು. "ನಾಳೆ ಹನ್ನೊಂದಕ್ಕೆ ನೀವೂ ಬನ್ನಿ."

ಗುರುವಾರ ನಗರಸಭೆಯ ಮೇಲ್ಮಹಡಿಯ ಸಭಾಂಗಣ ಜನರಿಂದ ತುಂಬಿತ್ತು. ಹದಿನಾಲ್ಕು ವೇದಿಕೆಗಳವರು ಬಂದಿದ್ದರು. ಒಬ್ಬರಿಗೆ ಬೀದಿದೀಪ ಬೇಕು, ಒಬ್ಬರಿಗೆ ಆಟದ ಮೈದಾನಕ್ಕೆ ಬೇಲಿ ಬೇಕು, ಇನ್ನೊಬ್ಬರಿಗೆ ಬೇರೆ ಏನೂ ಬೇಡ, ಮೊದಲು ನಾಯಿಗಳ ಕಾಟ ತಪ್ಪಿದರೆ ಸಾಕು. ಎತ್ತರದ ಮೇಜಿನ ಹಿಂದೆ ಹಣಕಾಸು ಸಮಿತಿಯ ಐವರು, ನಡುವೆ ಸಮಿತಿಯ ಮುಖ್ಯಸ್ಥೆ. ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ ಹೆಂಗಸು, ಐದು ನಿಮಿಷ ಆಗುತ್ತಲೇ ಪೆನ್ನಿನಿಂದ ಗಾಜಿನ ಲೋಟ ತಟ್ಟುತ್ತಿದ್ದಳು. ಅವಳ ಎಡಗಡೆ ಗುಮಾಸ್ತನೊಬ್ಬ ಹೋದ ವರ್ಷದ ಕಡತಗಳನ್ನು ಪೇರಿಸಿಕೊಂಡು ಕೂತಿದ್ದ.

ಮಾಮ ಮೊದಲ ಸಾಲಿನಲ್ಲಿದ್ದ, ಪಕ್ಕದಲ್ಲಿ ಹೆಂಡತಿ. ಪ್ರೂಫಕ್ಕ ಎರಡನೇ ಸಾಲಿನಲ್ಲಿ ಅಧ್ಯಕ್ಷರ ಬದಿಗೆ ಕೂತಳು. "ಏನು ಹೇಳ್ತಾನಂತೆ?" ಎಂದು ಅಧ್ಯಕ್ಷರು ಪಿಸುಗುಟ್ಟಿದರು. ಅವಳಿಗೂ ಗೊತ್ತಿರಲಿಲ್ಲ.

ಕಾಲುವೆ ಬಡಾವಣೆಯ ಹೆಸರು ಕೂಗಿದಾಗ ಮಾಮ ಎದ್ದ. ಆದರೆ ಮೈಕಿನ ಕಡೆ ಹೋಗಲಿಲ್ಲ. ಊರುಗೋಲು ತಿರುಗಿಸಿ ಹಿಂದಕ್ಕೆ ನೋಡಿದ.

"ನನ್ನ ಐದು ನಿಮಿಷ ನಿಮಗೆ ಬಿಟ್ಟಿದ್ದೀನಿ ಅಕ್ಕಾ," ಎಂದ, ಎಲ್ಲರಿಗೂ ಕೇಳುವ ಹಾಗೆ. "ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀವೇ ಹೇಳಿ."

ಅವನು ಕೂತುಬಿಟ್ಟ. ಅಧ್ಯಕ್ಷರು ಅವಳ ಸೀರೆಯ ಸೆರಗು ಹಿಡಿದೆಳೆಯುವಷ್ಟು ಹತ್ತಿರ ಬಾಗಿ, "ಬೇಡ, ಇಲ್ಲಿ ಬೇಡ, ನಮ್ಮೊಳಗೇ ಬಗೆಹರಿಸಿಕೊಳ್ಳೋಣ," ಎಂದರು. ಅವಳ ಕಾಲುಗಳು ಆಗಲೇ ನಡೆಯುತ್ತಿದ್ದವು. ಮೈಕು ಅವಳಿಗಿಂತ ಎತ್ತರದಲ್ಲಿತ್ತು. ಬಗ್ಗಿಸಲು ಹೋದರೆ ಕಿರ್ರೆಂದಿತು. ಬಿಟ್ಟು, ಮೈಕಿಲ್ಲದೆಯೇ ಮಾತಾಡಿದಳು.

"ಹೋದ ವರ್ಷ ನಮ್ಮ ಬಡಾವಣೆಯ ಜನ ಸೇತುವೆಯನ್ನ ಮೂರನೇ ಬೇಡಿಕೆ ಅಂತ ತೀರ್ಮಾನ ಮಾಡಿದ್ರು. ನಿಮ್ಮ ಹತ್ರ ಇರೋ ಪಟ್ಟೀಲಿ ಅದು ಎಂಟನೇದು. ಕೈ ಎತ್ತಿದ ನಲವತ್ತೊಂದು ಜನರಲ್ಲಿ ಯಾರನ್ನೂ ಕೇಳದೆ ಅದನ್ನ ಬದಲಾಯಿಸಿದ್ದು ನಾನು. ಸೇತುವೆ ಕೈಗೆ ಹತ್ತೋ ಕೆಲಸ ಅಲ್ಲ ಅಂತ ನಂಬಿದೆ. ನನಗೆ ಬೇಕಾದ ಕೆಲಸ ಆ ಜಾಗದಲ್ಲಿ ಕೂತ್ಕೊಳ್ತು. ಏಳು ತಿಂಗಳಾದ ಮೇಲೆ ಒಬ್ಬರು ಬಿದ್ದರು. ಅವರು ಇಲ್ಲೇ ಕೂತಿದ್ದಾರೆ. ಸೇತುವೆ ಮೇಲೆ ಈಗಲೂ ದಿನಾ ನಾಲ್ಕು ನೂರು ಜನ ಓಡಾಡ್ತಾರೆ. ಅದನ್ನ ಮಾಡಿಕೊಡಿ. ನನ್ನ ತಪ್ಪಿಗೆ ಅವರಿಗೆ ಶಿಕ್ಷೆ ಬೇಡ."

ಎರಡು ನಿಮಿಷವೂ ಆಗಿರಲಿಲ್ಲ. ಸಭಾಂಗಣ ಗುಜುಗುಜು ಎಂದಿತು. ಗುಮಾಸ್ತ ಕಡತ ತೆಗೆದು ಬೆರಳಿಟ್ಟು ನೋಡಿ, ಮುಖ್ಯಸ್ಥೆಯ ಕಡೆ ತಲೆಯಾಡಿಸಿದ.

"ನೀವು ಹೇಳಿದ್ದು ಒಳ್ಳೇದಾಯ್ತು," ಎಂದಳು ಮುಖ್ಯಸ್ಥೆ. ದನಿಯಲ್ಲಿ ಒಳ್ಳೆಯದೇನೂ ಇರಲಿಲ್ಲ. "ನಮ್ಮ ಕಣ್ಣಿಗೆ ಕಾಣೋದು ಕಾಗದ ಒಂದೇ. ಕಾಗದವೇ ಸುಳ್ಳಾದ್ರೆ ಜನರ ಆದ್ಯತೆ ಅಂತ ಯಾವುದನ್ನ ನಂಬೋದು? ಈ ವೇದಿಕೆಯ ಈ ವರ್ಷದ ಪಟ್ಟೀನೂ ತಡೆಹಿಡೀತೀವಿ. ಬಡಾವಣೆಯ ಮುನ್ನೂರು ಜನರ ಸಹಿ ಹಾಕಿಸಿ ಹೊಸದಾಗಿ ಕೊಡಿ, ನೋಡೋಣ." ಆಮೇಲೆ ಮೇಜಿನ ಕೊನೆಯಲ್ಲಿ ಕೂತಿದ್ದ ನಗರಸಭೆಯ ಎಂಜಿನಿಯರ್ ಕಡೆ ತಿರುಗಿದಳು. "ಆ ಸೇತುವೆ ಯಾರದು?"

"ಅರ್ಧ ನಮ್ಮದು, ಅರ್ಧ ಕಾಲುವೆ ಇಲಾಖೆಯದು, ಮೇಡಂ."

"ಇಲಾಖೆಗೆ ಪತ್ರ ಬರೆದಿದ್ದೀರಾ?"

ಎಂಜಿನಿಯರ್ ಕಡತದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದ. ಪತ್ರ ಬರೆದೇ ಇರಲಿಲ್ಲ. ಒಂದು ವರ್ಷವಲ್ಲ, ಒಂಬತ್ತು ವರ್ಷದಿಂದ ಯಾರೂ ಒಂದು ಸಾಲು ಬರೆದಿರಲಿಲ್ಲ. ಎರಡು ಕಡೆಯವರು ಚೆಂಡಿನ ಹಾಗೆ ಎಸೆದಾಡುತ್ತಾರೆ ಎಂದು ಹೇಳಿದವರಿಗೆ, ಆ ಚೆಂಡನ್ನು ಯಾರೂ ಕೈಗೇ ಎತ್ತಿಕೊಂಡಿಲ್ಲ ಎಂಬುದು ಗೊತ್ತಿರಲಿಲ್ಲ. ಮುಖ್ಯಸ್ಥೆ ಲೋಟ ತಟ್ಟಿದಳು. ಮುಂದಿನ ವೇದಿಕೆಯ ಹೆಸರು ಕೂಗಿದರು.

ಹೊರಗೆ ಮೆಟ್ಟಿಲಿಳಿಯುವಾಗ ಪ್ರೂಫಕ್ಕನಿಗೆ ಹಗುರವೇನೂ ಆಗಲಿಲ್ಲ. ನಿಜ ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದು ಅವಳು ತಿದ್ದಿದ ಎಷ್ಟೋ ಪಾಠಪುಸ್ತಕಗಳಲ್ಲಿ ಇತ್ತು. ಒಂದನ್ನು ಇಳಿಸಿ ಇನ್ನೊಂದನ್ನು ಹೊತ್ತ ಹಾಗಾಗಿತ್ತು ಅವಳಿಗೆ.

ಆ ಇನ್ನೊಂದು ಮರುದಿನವೇ ಮನೆಬಾಗಿಲಿಗೆ ಬಂತು. ಬಡಾವಣೆಯ ಮೇಲಿನ ಬೀದಿಗಳಿಗೆ ಬರುವ ನಲ್ಲಿ ನೀರು ಚಹದ ಬಣ್ಣದ್ದು. ಪೈಪು ತುಕ್ಕು ಹಿಡಿದಿತ್ತು. ಹೋದ ವರ್ಷದ ದುಡ್ಡಿನಲ್ಲಿ ಪೈಪು, ಚರಂಡಿ ಎರಡೂ ಅರ್ಧ ಮಾತ್ರ ಆಗಿದ್ದವು, ಉಳಿದರ್ಧ ಈ ವರ್ಷದ ಪಟ್ಟಿಯಲ್ಲಿತ್ತು. ಪಟ್ಟಿಯೇ ತಡೆಹಿಡಿದ ಮೇಲೆ ಪೈಪೂ ನಿಂತಿತು, ಚರಂಡಿಯೂ ನಿಂತಿತು. ಮೇಲಿನ ಬೀದಿಯ ದಾದಿಯೊಬ್ಬಳು, ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು, ಒಂದು ಬಾಟಲಿ ನೀರನ್ನು ತಂದು ಅಂಗಳದ ಗೋಡೆಯ ಮೇಲೆ ಇಟ್ಟಳು.

"ನಿಮ್ಮ ಮನಸ್ಸಾಕ್ಷಿಗೆ ನಮ್ಮ ಮಕ್ಕಳು ಇದನ್ನ ಕುಡೀಬೇಕಾ?" ಎಂದಳು. "ನಮ್ಮಲ್ಲೇ ಹೇಳಿಕೊಂಡಿದ್ರೆ ಆಗ್ತಿರಲಿಲ್ವಾ? ಊರ ಮುಂದೆ ಹೇಳಿ ದೊಡ್ಡವರಾದ್ರಿ."

ಒಳಗಿನಿಂದ ಅಪ್ಪ ಬಂದು, ಆ ದಾದಿಗೆ "ಕೂತ್ಕೋ ತಾಯಿ" ಎಂದರು. ಅವಳು ಕೂರದೆ ಹೋದಳು.

ಮುಂದಿನ ಭಾನುವಾರ ಎರಡನೇ ತರಗತಿ ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಾರ್ಯದರ್ಶಿಯನ್ನು ತೆಗೆಯಬೇಕು ಎಂಬ ಮಾತು ಬಂತು. ಅಧ್ಯಕ್ಷರು ಎದ್ದು, "ನಾನು ಸಲಹೆ ಕೊಟ್ಟದ್ದು ನಿಜ, ಅಪ್ಪಣೆ ಕೊಡಲಿಲ್ಲ. ಪೆನ್ನು ಅವರ ಕೈಯಲ್ಲಿತ್ತು," ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಆದ್ದರಿಂದಲೇ ಅದು ಕೇಳಲು ಕೆಟ್ಟದಾಗಿತ್ತು. ಕೈ ಎತ್ತಲು ಹೇಳಿದಾಗ ಮಾಮ ಎಲ್ಲರಿಗಿಂತ ಮೊದಲು ಎತ್ತಿದ. ಪ್ರೂಫಕ್ಕ ತಾನೇ ಎಣಿಸಿ, ಐವತ್ತಾರು ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದಳು.

ಮಾಮ ಮಾತ್ರ ಕೈ ಇಳಿಸಲಿಲ್ಲ. "ಈಗ ಅಧ್ಯಕ್ಷರದ್ದು," ಎಂದ. "ಹೇಳಿದವರು ಉಳಿದು ಬರೆದವರು ಮಾತ್ರ ಹೋದ್ರೆ, ಫ್ಯೂಸ್ ಬದಲಾಯಿಸಿ ವೈರು ಹಾಗೇ ಬಿಟ್ಟಂಗೆ." ಜನ ನಕ್ಕರು, ಆದರೆ ಕೈಗಳು ಸಾಕಷ್ಟು ಏಳಲಿಲ್ಲ. ಸಾಲಕ್ಕೆ ಇಲ್ಲ ಎನ್ನದೆ ಔಷಧಿ ಕೊಡುವವರು ಬಡಾವಣೆಗೆ ಅವರೊಬ್ಬರೇ. ಒಂಬತ್ತು ಕೈ ಕಡಿಮೆಯಾಗಿ ಅವರು ಉಳಿದರು. ಹೊಸ ಕಾರ್ಯದರ್ಶಿಯಾಗಿ ನೀರಿನ ಬಾಟಲಿ ತಂದಿದ್ದ ದಾದಿಯನ್ನೇ ಆರಿಸಿದರು. ಮಾಮನನ್ನೂ ಕೇಳಿದ್ದರು, ಅವನು, "ನನ್ನ ಅಕ್ಷರ ನೋಡಿದ್ರೆ ಬಜೆಟ್ಟೇ ಓಡಿಹೋಗುತ್ತೆ," ಎಂದು ತಪ್ಪಿಸಿಕೊಂಡ.

ಸಹಿ ಹಾಕಿಸಲು ಹದಿನೈದು ದಿನ ಇತ್ತು. ಯಾರೂ ಹೇಳದಿದ್ದರೂ ಪ್ರೂಫಕ್ಕ ದಿನಾ ಸಂಜೆ ಮುದ್ರಣಾಲಯದಿಂದ ನೇರವಾಗಿ ಹೊರಟು, ಒಂದು ಹಾಳೆ ಹಿಡಿದು ಬಾಗಿಲು ಬಾಗಿಲು ತಟ್ಟಿದಳು. ಕೆಲವರು ಸಹಿ ಹಾಕಿದರು. ಕೆಲವರು ಹಾಳೆಯನ್ನು ತಿರುಗಿಸಿ ಮುರುಗಿಸಿ, ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ ಆಮೇಲೆ ಹಾಕಿದರು. ಹಾಗೆ ಓದುವಷ್ಟೂ ಹೊತ್ತು ಅವಳು ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಒಂದು ಮನೆಯಲ್ಲಿ ಮುದುಕಿಯೊಬ್ಬಳು, "ನಿನ್ನ ಕೈಗೆ ಕೊಡಲ್ಲ, ದಾದಿ ಬಂದ್ರೆ ಅವಳ ಕೈಗೇ ಕೊಡ್ತೀನಿ," ಎಂದು ಬಾಗಿಲು ಹಾಕಿಕೊಂಡಳು. ಮುನ್ನೂರ ಹನ್ನೆರಡು ಸಹಿಗಳಲ್ಲಿ ಅರವತ್ತೇಳು ಅವಳು ತಂದವು.

ಹೊಸ ಪಟ್ಟಿ ಮುದ್ರಣಕ್ಕೆ ಹೋಗುವ ಮುಂಚೆ ದಾದಿ ಅದನ್ನು ಅವಳ ಮೇಜಿನ ಮೇಲೆ ತಂದಿಟ್ಟಳು. "ಅಕ್ಷರ ಮಾತ್ರ ತಿದ್ದಿ," ಎಂದಳು. "ಅಂಕಿ ಮುಟ್ಟಬೇಡಿ." ತಿದ್ದಿ ಮುಗಿಯುವವರೆಗೂ ಎದುರಿನ ಕುರ್ಚಿಯಿಂದ ಏಳಲಿಲ್ಲ.

ಬಜೆಟ್ ಬಂದಾಗ ಸೇತುವೆ ಅದರಲ್ಲಿತ್ತು. ಚರಂಡಿಗೂ ಅಷ್ಟಿಷ್ಟು ಸಿಕ್ಕಿತು. ನೀರಿನ ಪೈಪಿಗೆ ಏನೂ ಸಿಗಲಿಲ್ಲ. ಪಟ್ಟಿ ತಡವಾಗಿ ಬಂತು, ದೊಡ್ಡ ಕೆಲಸಗಳೆಲ್ಲ ಆಗಲೇ ಹಂಚಿಹೋಗಿದ್ದವು, ಎಂದರು. ಮೇಲಿನ ಬೀದಿಯ ಜನ ಇನ್ನೊಂದು ವರ್ಷ ನೀರು ಕುದಿಸಿ ಕುಡಿಯಬೇಕಾಯಿತು. ಆ ಬೀದಿಯಲ್ಲಿ ಅವಳನ್ನು ಕಂಡರೆ ಈಗಲೂ ಕೆಲವರು ಮುಖ ತಿರುಗಿಸುತ್ತಾರೆ. ಅವಳು ಸುತ್ತಿ ಬೇರೆ ದಾರಿ ಹಿಡಿಯುವುದಿಲ್ಲ, ತಲೆ ತಗ್ಗಿಸಿ ಅದೇ ಬೀದಿಯಲ್ಲೇ ಹೋಗುತ್ತಾಳೆ.

ಸೇತುವೆಯ ಕೆಲಸ ಶುರುವಾದಾಗ ಎರಡು ತಿಂಗಳು ಅದನ್ನು ಮುಚ್ಚಿದರು. ಕಾಲುವೆ ದಾಟಬೇಕಾದವರು ದೊಡ್ಡ ರಸ್ತೆಯ ಸೇತುವೆವರೆಗೆ ಸುತ್ತಿ ಹೋಗಬೇಕು, ಅರ್ಧ ಗಂಟೆಯ ದಾರಿ. ಜನ ಬೈದುಕೊಂಡೇ ನಡೆದರು. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಪ್ರೂಫಕ್ಕನಿಗೆ ಮಾಮ ಮುಂದೆ ಕಂಡ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಈಚೆ ದಡದ ಮನೆಯೊಂದರಿಂದ ರಿಪೇರಿಗೆ ತಂದ ಮಿಕ್ಸಿ. ಈಗ ಅವನು ಪೇಟೆಯಲ್ಲಿ ಒಂದು ಪುಟ್ಟ ಅಂಗಡಿಯಲ್ಲಿ ಕೂತು ಮಿಕ್ಸಿ, ಇಸ್ತ್ರಿಪೆಟ್ಟಿಗೆ ಸರಿಮಾಡುತ್ತಿದ್ದ. ಸಭೆಯ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ.

ಹಿಂದೆ ಬಂದ ಹೆಜ್ಜೆ ಯಾರದೆಂದು ಅವನಿಗೆ ಗೊತ್ತಾಯಿತು. "ಮುಂದೆ ಹೋಗಿ ಅಕ್ಕಾ, ನಾನು ನಿಧಾನ."

"ಮಿಕ್ಸಿ ಕೊಡಿ ಇಲ್ಲಿ."

ಅವನು ಯೋಚಿಸಿದ. ಬೇಡ ಎನ್ನುತ್ತಾನೆ ಎಂದೇ ಅವಳು ಅಂದುಕೊಂಡಳು. ಅವನು ಮಿಕ್ಸಿ ಕೊಟ್ಟ. ಇಬ್ಬರೂ ಕಾಲುವೆಯ ಬದಿಯಲ್ಲಿ ನಡೆದರು. ಅವನ ಹೆಜ್ಜೆಗೆ ಹೊಂದಿಸಿ ಅವಳೂ ನಿಧಾನಿಸಿದಳು.

"ಅವಳು ಇನ್ನೂ ನಿಮ್ಮ ಮೇಲೆ ಸಿಟ್ಟಲ್ಲೇ ಇದ್ದಾಳೆ," ಎಂದ ಅರ್ಧ ದಾರಿಯಲ್ಲಿ. ಹೇಳಿದ್ದು ಹೆಂಡತಿಯ ಬಗ್ಗೆ.

"ಇರಲಿ."

"ನನಗೂ ಇದೆ. ಕೆಲವು ದಿನ ಹೋಗುತ್ತೆ, ಮಳೆ ಬಂದು ಕಾಲು ಸೆಳೆದ್ರೆ ವಾಪಸ್ ಬರುತ್ತೆ."

ಅದಕ್ಕೆ ಮಾತ್ರ ಅವಳು ಇರಲಿ ಎನ್ನಲಿಲ್ಲ. ದೊಡ್ಡ ರಸ್ತೆ ಸಿಕ್ಕಿತು. ಅಂಗಡಿಯ ಬಾಗಿಲಲ್ಲಿ ಮಿಕ್ಸಿಯನ್ನು ಕಟ್ಟೆಯ ಮೇಲೆ ಇಟ್ಟು ಅವಳು ಹೊರಟಳು. ಅವನು ಬೀಗ ತೆಗೆಯುತ್ತಿದ್ದ. ಮೊದಲಿನ ಹಾಗೆ "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಎನ್ನಲಿಲ್ಲ. ಮುದ್ರಣಾಲಯಕ್ಕೆ ಅವಳು ಇಪ್ಪತ್ತು ನಿಮಿಷ ತಡವಾಗಿ ತಲುಪಿದಳು.